ಚಲಿಸುವ ಮನೆಯ ತಂಪಿಗೆ ಎಷ್ಟು ವಿದ್ಯುತ್ತು ಬೇಕು?

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸಗೆ ಬಂದಿತೆಂದರೆ ಹೆದ್ದಾರಿಗಳ ಮೇಲೆ ಮನೆಗಳೇ ಸಾಲುಗಟ್ಟಿ ಹೊರಡುವುವು. ಮಲಗುವ ಮಂಚ, ಅಡುಗೆಯ ಒಲೆ, ಸ್ನಾನದ ಕೋಣೆ ಇವೆಲ್ಲವನ್ನೂ ತನ್ನೊಳಗೆ ಅಡಗಿಸಿಕೊಂಡ ಇಂತಹ ವಾಹನವನ್ನು ಅಲ್ಲಿಯವರು ‘ಆರ್.ವಿ.’ ಎಂದು ಚುಟುಕಾಗಿ ಕರೆಯುವರು. ಅದರ ಮಾಳಿಗೆಯ ಮೇಲೆ ಹವಾನಿಯಂತ್ರಕವೊಂದು ಕುಳಿತಿರುವುದು. ತಂಗುದಾಣದಲ್ಲಿ ವಿದ್ಯುತ್ತಿನ ಕಂಬವಿದ್ದರೆ ತಂತಿಯನ್ನು ಸಿಕ್ಕಿಸಿಕೊಂಡರಾಯಿತು. ಕಂಬವಿಲ್ಲದ ಬಯಲಿನಲ್ಲಿ ಪೆಟ್ರೋಲು ಕುಡಿಯುವ ಸಣ್ಣ ಜನರೇಟರೇ ಗತಿ.

ಅರಿಜೋನದ ಮರುಭೂಮಿಯಲ್ಲಿ ಜುಲೈ ತಿಂಗಳ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಮುದುಕರೂ ಮಕ್ಕಳೂ ಇರುವ ಕುಟುಂಬವೊಂದು ಅಲ್ಲಿ ಬೀಡುಬಿಟ್ಟಿದೆಯೆಂದು ಊಹಿಸೋಣ. ಹವಾನಿಯಂತ್ರಕದ ಫಲಕದಲ್ಲಿ 1,500 ವಾಟ್ ಎಂದಿದೆ. ಜನರೇಟರಿನ ಪೆಟ್ಟಿಗೆಯ ಮೇಲೆ 2,000 ವಾಟ್ ಎಂದಿದೆ. ಲೆಕ್ಕವೇನೋ ಸರಿಯಾಗಿಯೇ ತೋರುವುದು. ಆದರೆ ಗುಂಡಿಯನ್ನೊತ್ತಿದರೆ ಫ್ಯಾನು ತಿರುಗುವುದು, ಕಂಪ್ರೆಸರು ಒಮ್ಮೆ ಗುರ್ರೆನ್ನುವುದು, ಜನರೇಟರು ಕೆಂಪು ದೀಪವನ್ನು ಬೆಳಗಿ ವಿದ್ಯುತ್ತನ್ನು ಕಡಿದುಹಾಕುವುದು. ಐನೂರು ವಾಟ್ ಮಿಗತೆಯಿದ್ದರೂ ಹೀಗೇಕಾಯಿತು?

ಉತ್ತರದ ಸುಳಿವು ನಮ್ಮ ಹಳ್ಳಿಗಳಲ್ಲಿಯೇ ಇದೆ. ತೋಟದ ಪಂಪುಸೆಟ್ಟನ್ನು ಚಾಲೂ ಮಾಡಿದ ಕ್ಷಣ ಮನೆಯ ದೀಪಗಳು ಮಂಕಾಗಿ ಮತ್ತೆ ಬೆಳಗುವುದನ್ನು ಎಲ್ಲರೂ ಕಂಡಿದ್ದೇವೆ. ಪಂಪಿನಲ್ಲಿರುವಂತೆ ಕಂಪ್ರೆಸರಿನಲ್ಲಿಯೂ ಇರುವುದು ಪ್ರೇರಣ ಮೋಟಾರು. ಅದರ ಹೊರಸುರುಳಿಗಳಲ್ಲಿ ಹರಿಯುವ ಪರ್ಯಾಯ ಪ್ರವಾಹ ಒಂದು ತಿರುಗುವ ಕಾಂತಕ್ಷೇತ್ರವನ್ನು ಉಂಟುಮಾಡುವುದು. ಒಳಗಿನ ತಿರುಗಣಿ ಅದರ ಬೆನ್ನುಹತ್ತಿ ಓಡುವುದು. ಓಡುತ್ತಿರುವಾಗ ಇವೆರಡರ ವೇಗಗಳಿಗೆ ಅಂತರ ಅಲ್ಪವಾದುದರಿಂದ ತಿರುಗಣಿಯಲ್ಲಿ ಪ್ರೇರಿತವಾಗುವ ಪ್ರವಾಹವೂ ಮಿತವಾಗಿರುವುದು. ತಿರುಗಣಿ ನಿಂತಿರುವಾಗಲಾದರೋ ಕಾಂತಕ್ಷೇತ್ರ ಅದರ ಮೇಲೆ ಪೂರ್ಣವೇಗದಿಂದ ಹಾದುಹೋಗುವುದು. ಪ್ರೇರಿತ ಪ್ರವಾಹ ಬಹಳ ಹೆಚ್ಚಿ, ಅದಕ್ಕೆ ತಕ್ಕಂತೆ ಹೊರಸುರುಳಿಯೂ ಪ್ರವಾಹವನ್ನು ಬಾಚಿಕೊಳ್ಳುವುದು.

ಆರ್.ವಿ.ಗಳಲ್ಲಿ ಹೆಚ್ಚಾಗಿ ಕಾಣುವ ಹವಾನಿಯಂತ್ರಕ 13,500 ಬಿ.ಟಿ.ಯು. ಸಾಮರ್ಥ್ಯದ್ದು. ಓಡುತ್ತಿರುವಾಗ ಇದಕ್ಕೆ 120 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಸಾಕು. ಹೊರಡುವ ಕ್ಷಣದಲ್ಲಿ ಅದು 50ರಿಂದ 60 ಆಂಪಿಯರ್ ಬೇಡುವುದು. ಈ ಬೇಡಿಕೆ ಬಾಳುವುದು ಒಂದು ಸೆಕೆಂಡಿಗಿಂತಲೂ ಕಡಿಮೆ ಕಾಲ. ಆದರೆ ಆ ಅಲ್ಪಕಾಲವನ್ನು ದಾಟಲಾರದ ಜನರೇಟರಿಗೆ ಮುಂದಿನ ಗಂಟೆಗಳ ಮಾತೇ ಇಲ್ಲ.

ಸಾಲದ ಜನರೇಟರು ಸುಮ್ಮನೆ ನಿಂತುಬಿಟ್ಟರೆ ಅದು ಸಣ್ಣ ತೊಂದರೆ. ನಿಲ್ಲದೆ ಏದುತ್ತ ವೋಲ್ಟೇಜನ್ನು ಇಳಿಸಿದರೆ ತೊಂದರೆ ದೊಡ್ಡದು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದು. ವೋಲ್ಟೇಜು ನೂರಕ್ಕೆ 80ಕ್ಕೆ ಇಳಿದರೆ ತಿರುಗುಬಲ ನೂರಕ್ಕೆ 64ಕ್ಕೆ ಇಳಿಯುವುದು. ಆಗ ತಿರುಗಣಿ ಅಲುಗದೆ ನಿಂತು, ಹೊರಡುವ ಕಾಲದ ಭಾರಿ ಪ್ರವಾಹವನ್ನು ಎಳೆಯುತ್ತಲೇ ಇರುವುದು, ಸುರುಳಿ ಕಾಯುವುದು. ರಕ್ಷಣೆಯ ಸ್ವಿಚ್ಚು ಪ್ರವಾಹವನ್ನು ಕಡಿಯುವುದೇನೋ ಉಂಟು. ಆದರೆ ಇದು ಮತ್ತೆ ಮತ್ತೆ ನಡೆದರೆ ಸುರುಳಿಯ ಹೊದಿಕೆ ಸುಟ್ಟು, ಜನರೇಟರಿಗಿಂತ ಮೊದಲು ಹವಾನಿಯಂತ್ರಕವೇ ಕೆಡುವುದು. ಒಮ್ಮೆ ನಿಲ್ಲಿಸಿದ ಕಂಪ್ರೆಸರನ್ನು ಮೂರು ನಿಮಿಷ ಬಿಟ್ಟು ಚಾಲೂ ಮಾಡಬೇಕೆಂಬುದಕ್ಕೂ ಕಾರಣ ಇಂಥದೇ: ಒಳಗಿನ ಅನಿಲದ ಒತ್ತಡ ಎರಡು ಕಡೆಯೂ ಸಮವಾಗುವವರೆಗೆ ತಿರುಗಣಿಯ ಹೊರೆ ಹೆಚ್ಚಾಗಿರುವುದು.

ಫಲಕದ ಎರಡು ಅಂಕಿಗಳು

ಜನರೇಟರುಗಳ ಮೇಲೆ ಸಾಮಾನ್ಯವಾಗಿ ಎರಡು ಅಂಕಿಗಳನ್ನು ಕೊಟ್ಟಿರುವರು. ದೊಡ್ಡದು ಕ್ಷಣಕಾಲ ಕೊಡಬಲ್ಲ ಶಕ್ತಿ. ಚಿಕ್ಕದು ಎಡೆಬಿಡದೆ ಕೊಡಬಲ್ಲ ಶಕ್ತಿ. 2,200 ವಾಟ್ ಎಂದು ದಪ್ಪಕ್ಷರದಲ್ಲಿ ಬರೆದ ಯಂತ್ರ ಎಡೆಬಿಡದೆ ಕೊಡುವುದು 1,800 ವಾಟ್ ಮಾತ್ರವೇ ಆಗಿರಬಹುದು. ಹವಾನಿಯಂತ್ರಕ ಗಂಟೆಗಟ್ಟಲೆ ಓಡುವ ಯಂತ್ರವಾದುದರಿಂದ ನಾವು ಹಿಡಿಯಬೇಕಾದುದು ಚಿಕ್ಕ ಅಂಕಿಯನ್ನು. ದೊಡ್ಡ ಅಂಕಿ ಹೊರಡುವ ಕ್ಷಣಕ್ಕೆ ಮಾತ್ರ.

ಈ ಚಿಕ್ಕ ಅಂಕಿಯೂ ಎಲ್ಲೆಡೆಯಲ್ಲಿಯೂ ನಿಜವಲ್ಲ. ಎಂಜಿನ್ನು ಉಸಿರಾಡುವುದು ಗಾಳಿಯನ್ನು. ಎತ್ತರ ಹೆಚ್ಚಿದಂತೆ ಗಾಳಿಯ ಸಾಂದ್ರತೆ ಕಡಿಮೆಯಾಗಿ, ಪ್ರತಿ ಸಾವಿರ ಅಡಿಗೆ ಅದರ ಶಕ್ತಿ ನೂರಕ್ಕೆ ಸುಮಾರು ಮೂರೂವರೆಯಂತೆ ಕುಗ್ಗುವುದು. 3,000 ಅಡಿಯಷ್ಟು ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿಯೇ ಇಂತಹ ಎಂಜಿನ್ನು ಹತ್ತರಲ್ಲಿ ಒಂದು ಪಾಲನ್ನು ಕಳೆದುಕೊಳ್ಳುವುದು. ಕೊಲರಾಡೊ ಸಂಸ್ಥಾನದ ಡೆನ್ವರ್ ನಗರದ ಎತ್ತರ 5,280 ಅಡಿ, ಅಂದರೆ ಒಂದು ಮೈಲಿ. ಅಲ್ಲಿ ಈ ನಷ್ಟ ನೂರಕ್ಕೆ 18ರಷ್ಟಾಗುವುದು. ಕಾದ ಗಾಳಿಯೂ ತೆಳುವಾದುದೇ. ಮೇಲಾಗಿ ಹೊರಗೆ ಬಿಸಿಲು ಏರಿದಷ್ಟೂ ಕಂಪ್ರೆಸರಿನ ಒತ್ತಡ ಏರಿ, ಅದು ಬೇಡುವ ವಿದ್ಯುತ್ತೂ ಏರುವುದು. ತಂಪು ಹೆಚ್ಚಾಗಿ ಬೇಕಾದ ಹೊತ್ತಿನಲ್ಲಿಯೇ ಜನರೇಟರು ಸೊರಗುವುದು, ಹವಾನಿಯಂತ್ರಕದ ಹಸಿವು ಬೆಳೆಯುವುದು. ಪೆಟ್ರೋಲಿನ ಬದಲು ಪ್ರೊಪೇನ್ ಅನಿಲವನ್ನು ಉರಿಸಿದರೆ ಶಕ್ತಿ ಇನ್ನೂ ನೂರಕ್ಕೆ ಹತ್ತರಷ್ಟು ತಗ್ಗುವುದು.

ಈಗ ಲೆಕ್ಕವನ್ನು ಮಾಡೋಣ. ಹವಾನಿಯಂತ್ರಕಕ್ಕೆ 1,500 ವಾಟ್, ಬ್ಯಾಟರಿಗಳನ್ನು ತುಂಬುವ ಸಾಧನ, ದೀಪ ಮೊದಲಾದವುಗಳಿಗೆ 500 ವಾಟ್, ಒಟ್ಟು 2,000. ಯಾವ ಎಂಜಿನ್ನನ್ನಾಗಲಿ ಅದರ ಶಕ್ತಿಯ ನೂರಕ್ಕೆ 80ಕ್ಕಿಂತ ಹೆಚ್ಚಾಗಿ ದುಡಿಸದಿರುವುದು ಲೇಸು. ಆದುದರಿಂದ 2,500 ವಾಟ್ ಬೇಕು. ಡೆನ್ವರಿನ ಎತ್ತರದ ನಷ್ಟವನ್ನು ತುಂಬಿಕೊಳ್ಳಲು ಇದನ್ನು 0.82ರಿಂದ ಭಾಗಿಸಿದರೆ ಸುಮಾರು 3,050 ವಾಟ್ ಆಗುವುದು. ಎಂದರೆ ಎಡೆಬಿಡದೆ 3,000 ವಾಟಿಗೆ ಮಿಕ್ಕಿ ಕೊಡುವ ಯಂತ್ರ ಬೇಕು. ಒಂದೂವರೆ ಸಾವಿರ ವಾಟಿನ ಹವಾನಿಯಂತ್ರಕಕ್ಕೆ ಅದರ ಎರಡರಷ್ಟು ಜನರೇಟರು! ಜೊತೆಯಲ್ಲಿ ಮೈಕ್ರೋವೇವ್ ಒಲೆಯನ್ನೂ ಹಚ್ಚುವುದಾದರೆ ಇದೂ ಸಾಲದು.

ಭಾರವನ್ನು ಇಳಿಸುವ ದಾರಿಗಳು

ಇಷ್ಟು ದೊಡ್ಡ ಯಂತ್ರದ ತೂಕ 40 ಕಿಲೋಗ್ರಾಮಿಗೂ ಮಿಕ್ಕಿರುವುದು. ಒಬ್ಬರು ಎತ್ತಿಳಿಸುವುದು ಕಷ್ಟ. ಸುಮಾರು 20 ಕಿಲೋಗ್ರಾಮಿನ ಎರಡು ಸಣ್ಣ ಯಂತ್ರಗಳನ್ನು ಕೊಂಡು ಸಮಾಂತರವಾಗಿ ಜೋಡಿಸುವುದು ಒಂದು ಉಪಾಯ. ಇದು ಸಾಧ್ಯವಾಗುವುದು ‘ಇನ್ವರ್ಟರ್’ ಬಗೆಯ, ಪರಸ್ಪರ ಜೋಡಣೆಗೆಂದೇ ತಯಾರಾದ ಯಂತ್ರಗಳಲ್ಲಿ. ಅವು ಮೊದಲು ಏಕಮುಖ ಪ್ರವಾಹವನ್ನು ಪಡೆದು, ಬಳಿಕ ಎಲೆಕ್ಟ್ರಾನಿಕ್ ಮಂಡಲದ ಮೂಲಕ ಪರ್ಯಾಯ ಪ್ರವಾಹವನ್ನು ರೂಪಿಸುವುದರಿಂದ ಎರಡರ ಅಲೆಗಳನ್ನೂ ಒಂದೇ ಹೆಜ್ಜೆಗೆ ತರಬಹುದು. ಹೊರೆ ಕಡಿಮೆಯಿದ್ದಾಗ ಎಂಜಿನ್ನು ನಿಧಾನವಾಗಿ ಓಡಿ ಸದ್ದೂ ಇಂಧನವೂ ಉಳಿಯುವುವು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಅಡಿ ದೂರದಲ್ಲಿ 60 ಡೆಸಿಬೆಲ್ ಮೀರಿ ಸದ್ದುಮಾಡುವ ಯಂತ್ರಕ್ಕೆ ಅವಕಾಶವಿಲ್ಲವಾದುದರಿಂದ ಈ ಗುಣ ಸಣ್ಣದಲ್ಲ.

ಇನ್ನೊಂದು ಉಪಾಯ ‘ಸಾಫ್ಟ್ ಸ್ಟಾರ್ಟರ್’ ಎಂಬ ಸಣ್ಣ ಸಾಧನ. ಹವಾನಿಯಂತ್ರಕದೊಳಗೆ ಇದನ್ನು ಕೂಡಿಸಿದರೆ ಮೋಟಾರಿಗೆ ವಿದ್ಯುತ್ತನ್ನು ಒಮ್ಮೆಗೇ ಸುರಿಯದೆ ಮೆಲ್ಲಮೆಲ್ಲನೆ ಏರಿಸಿ, ಹೊರಡುವ ಪ್ರವಾಹವನ್ನು ಅರ್ಧಕ್ಕಿಂತಲೂ ಕಡಿಮೆ ಮಾಡುವುದು. ಇದರ ನೆರವಿನಿಂದ ಸಮುದ್ರಮಟ್ಟಕ್ಕೆ ಹತ್ತಿರವಾದ ಊರುಗಳಲ್ಲಿ 2,200 ವಾಟಿನ ಒಂದೇ ಯಂತ್ರ ಹವಾನಿಯಂತ್ರಕವನ್ನು ಹೊರಡಿಸಬಲ್ಲುದು. ಆದರೆ ಒಂದು ಮಾತನ್ನು ಮರೆಯಬಾರದು: ಈ ಸಾಧನ ತಗ್ಗಿಸುವುದು ಮೊದಲ ಕ್ಷಣದ ಬೇಡಿಕೆಯನ್ನೇ ಹೊರತು ಓಟದ ಬೇಡಿಕೆಯನ್ನಲ್ಲ. ಬೆಟ್ಟದ ಮೇಲೆ 1,800 ವಾಟ್ 1,500ಕ್ಕೆ ಇಳಿದರೆ ಅದು ಏನನ್ನೂ ಮಾಡಲಾರದು.

ಮೂರನೆಯ ಉಪಾಯಕ್ಕೆ ಹಣ ಬೇಕಿಲ್ಲ. ಬಿ.ಟಿ.ಯು. ಎಂಬುದು ಒಂದು ಪೌಂಡು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸುವ ಶಾಖ. ಗಂಟೆಗೆ 13,500 ಬಿ.ಟಿ.ಯು. ಎಂದರೆ ಸುಮಾರು 3,950 ವಾಟ್. 1,500 ವಾಟ್ ಪಡೆದು ಇಷ್ಟು ಶಾಖವನ್ನು ಹೊರಹಾಕುವುದರಲ್ಲಿ ಮಾಯವೇನೂ ಇಲ್ಲ. ಯಂತ್ರ ಶಾಖವನ್ನು ಸೃಷ್ಟಿಸುವುದಿಲ್ಲ, ಸಾಗಿಸುವುದು ಮಾತ್ರ. ಆದರೆ ಸಣ್ಣ ಜನರೇಟರು ಪೆಟ್ರೋಲಿನ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನೂ ವಿದ್ಯುತ್ತಾಗಿ ಮಾರ್ಪಡಿಸದು. ಆದುದರಿಂದ ನಾಲ್ಕು ಕಿಲೋವಾಟಿನಷ್ಟು ಶಾಖವನ್ನು ಹೊರಗಟ್ಟಲು ಎಂಟು ಕಿಲೋವಾಟಿನಷ್ಟು ಇಂಧನವನ್ನು ಸುಡುತ್ತಿರುವೆವು! ವಾಹನವನ್ನು ಮರದ ನೆರಳಿನಲ್ಲಿ ನಿಲ್ಲಿಸಿ, ಕಿಟಕಿಗಳಿಗೆ ಹೊರಗಿನಿಂದ ಮರೆ ಕಟ್ಟಿದರೆ ಒಳಬರುವ ಶಾಖವೇ ತಗ್ಗುವುದು.

ಕಾಣದ ಹೊಗೆ

ಕೊನೆಯ ಮಾತು ವಾಟಿನದಲ್ಲ, ಜೀವದ್ದು. ಪೆಟ್ರೋಲಿನ ಎಂಜಿನ್ನು ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಉಗುಳುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಇದನ್ನು ಹಿಡಿದುಕೊಳ್ಳುವುದು. ಮೊದಲು ತಲೆನೋವು, ಓಕರಿಕೆ. ನಿದ್ರೆಯಲ್ಲಿರುವವರಿಗೆ ಆ ಎಚ್ಚರಿಕೆಯೂ ಇಲ್ಲ. ಹವಾನಿಯಂತ್ರಕವನ್ನು ಹಾಕಿಕೊಂಡು ಮಲಗುವವರು ಕಿಟಕಿಗಳನ್ನು ಮುಚ್ಚಿರುವರೆಂಬುದನ್ನು ನೆನೆದರೆ ಅಪಾಯ ಎಷ್ಟೆಂದು ಹೊಳೆಯುವುದು. ಮನೆಗಳಿಂದ ಜನರೇಟರು ಕಡಿಮೆಯೆಂದರೆ 20 ಅಡಿ ದೂರವಿರಬೇಕು, ಹೊಗೆಕೊಳವೆ ಆಚೆಗೆ ಮುಖಮಾಡಿರಬೇಕು ಎಂಬುದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಸಲಹೆ. ಚಲಿಸುವ ಮನೆಗೂ ಇದು ಸಲ್ಲುವುದು. ಒಳಗೆ ಈ ಅನಿಲವನ್ನು ಗುರುತಿಸಿ ಕೂಗುವ ಗಂಟೆಯಿರಲೇಬೇಕು.

ದೂರವಿಟ್ಟರೆ ತಂತಿ ಉದ್ದವಾಗುವುದು. ತಂತಿ ತೆಳುವಾದರೆ ವೋಲ್ಟೇಜು ಇಳಿಯುವುದು. 25 ಅಡಿಯ 16ನೆಯ ಗೇಜಿನ ತಂತಿಯಲ್ಲಿ 55 ಆಂಪಿಯರ್ ಹರಿದಾಗ 11 ವೋಲ್ಟ್ ನಷ್ಟವಾಗುವುದು. ದಪ್ಪವಾದ 10ನೆಯ ಗೇಜಿನದಾದರೆ ಮೂರಕ್ಕೂ ಕಡಿಮೆ. ತಂತಿಯ ಹಣವನ್ನು ಉಳಿಸಲು ಜನರೇಟರನ್ನು ಹತ್ತಿರಕ್ಕೆ ಎಳೆದುಕೊಳ್ಳುವುದು ಎಂದಿಗೂ ತರವಲ್ಲ. ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಹೊರಡುವ ಕ್ಷಣಕ್ಕೆ ಎಷ್ಟು ಬೇಕು? ನಾವು ಹೋಗುವ ಊರಿನ ಎತ್ತರದಲ್ಲಿ, ಬಿಸಿಲಿನಲ್ಲಿ ಎಡೆಬಿಡದೆ ಎಷ್ಟು ಸಿಕ್ಕುವುದು? ಮಲಗುವ ಜಾಗದಿಂದ ಅದನ್ನು ಎಷ್ಟು ದೂರ ಇಡಬಲ್ಲೆವು? ಈ ಮೂರಕ್ಕೂ ಉತ್ತರ ಕೊಡುವ ಯಂತ್ರವೇ ಸರಿಯಾದ ಯಂತ್ರ, ಪೆಟ್ಟಿಗೆಯ ಮೇಲಿನ ದಪ್ಪಕ್ಷರ ಏನೇ ಹೇಳಲಿ.