ಇದ್ದರೂ ಇರಬಹುದು

ಡೆನ್ಮಾರ್ಕಿನ ಒಂದು ಹಳ್ಳಿಯಾಚೆ ಬೀಡುಬಿಟ್ಟಿದ್ದ ಸರ್ಕಸ್ ಡೇರೆಗೆ ಬೆಂಕಿ ಬಿತ್ತು. ಆಟಕ್ಕೆಂದು ಆಗಲೇ ಬಣ್ಣ ಬಳಿದುಕೊಂಡು ನಿಂತಿದ್ದ ಕೋಡಂಗಿಯನ್ನು ಯಜಮಾನ ಹಳ್ಳಿಗೆ ಓಡಿಸಿದ. ಕೊಯ್ಲು ಮುಗಿದು ಹೊಲದ ತುಂಬ ಬರೀ ಒಣ ಕೂಳೆ. ಕಿಡಿ ಹಾರಿದರೆ ಊರಿಗೆ ಊರೇ ಉರಿದುಹೋಗುವ ಅಪಾಯ. ಕೋಡಂಗಿ ಬೆಂಕಿ ಆರಿಸಲು ಬನ್ನಿ ಎಂದು ಕೂಗಿದ, ಅಂಗಲಾಚಿದ. ಜನ ಬಿದ್ದುಬಿದ್ದು ನಕ್ಕರು. ಆಟಕ್ಕೆ ಜನ ಸೇರಿಸಲು ಎಂಥ ಒಳ್ಳೆಯ ಉಪಾಯ ಎಂದು ಚಪ್ಪಾಳೆ ತಟ್ಟಿದರು. ಅವನು ಅತ್ತಷ್ಟೂ ಅವರ ನಗು ಜೋರಾಯಿತು. ಕೊನೆಗೆ ಬೆಂಕಿ ಹೊಲ ದಾಟಿ ಬಂದು ಡೇರೆಯನ್ನೂ ಊರನ್ನೂ ಒಟ್ಟಿಗೇ ನುಂಗಿತು.

ಇದು ತತ್ವಜ್ಞಾನಿ ಕೀರ್ಕೆಗಾರ್ಡ್ ಹೇಳಿದ ಕಥೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಜೋಸೆಫ್ ರಾಟ್ಸಿಂಗರ್ ಎಂಬ ಪಾದ್ರಿ 1968ರ ತಮ್ಮ ಪುಸ್ತಕವನ್ನು ಆರಂಭಿಸಿದ್ದು ಇದೇ ಕಥೆಯಿಂದ. 1967ರಲ್ಲಿ ಅಲ್ಲಿನ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸಗಳೇ ಪುಸ್ತಕವಾಗಿದ್ದವು. ಮುಂದೆ 2005ರಲ್ಲಿ ಅವರು ಹದಿನಾರನೆಯ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪ್ ಆದರು. ಪೋಪ್ ಆಗಿ ಅವರು ಆಡಿದ ಮಾತುಗಳೆಲ್ಲದರ ಬೇರು ಆ ಪುಸ್ತಕದ ಮೊದಲ ಕೆಲವು ಪುಟಗಳಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಇಂದಿನ ಕಾಲದಲ್ಲಿ ದೇವರ ಮಾತಾಡುವವನ ಪಾಡು ಕೋಡಂಗಿಯದೇ. ಹಾಗಾದರೆ ವೇಷ ಕಳಚಿದರೆ ಸಾಕೇ? ಕ್ಯಾಥೊಲಿಕ್ ಧರ್ಮಸಭೆ ಆ ಹೊತ್ತಿಗೆ ಆ ಕೆಲಸವನ್ನು ಮಾಡಿಯೇ ಬಿಟ್ಟಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿತ್ತು. ಲ್ಯಾಟಿನ್ನಿನಲ್ಲೇ ನಡೆಯುತ್ತಿದ್ದ ಬಲಿಪೂಜೆ ನಮ್ಮಲ್ಲಿಯೂ ಕನ್ನಡಕ್ಕೆ, ಕೊಂಕಣಿಗೆ ಇಳಿದು ಬಂದದ್ದು ಅದರ ನಂತರವೇ. ಕಲೋನಿನ ಕಾರ್ಡಿನಲ್ ಫ್ರಿಂಗ್ಸ್ ಅವರ ಸಲಹೆಗಾರರಾಗಿ ಆ ಸಭೆಯಲ್ಲಿ ದುಡಿದಿದ್ದ ರಾಟ್ಸಿಂಗರ್‌ಗೆ ಬದಲಾವಣೆಯ ಬಗ್ಗೆ ತಕರಾರಿರಲಿಲ್ಲ. ಆದರೆ ವೇಷ ಬದಲಿಸಿದ ಮೇಲೂ ಒಂದು ತೊಡಕು ಉಳಿಯುತ್ತದೆ ಎಂದರು ಅವರು. ಕಥೆಯ ಕೋಡಂಗಿ ಬೆಂಕಿಯನ್ನು ಕಣ್ಣಾರೆ ಕಂಡು ಬಂದವನು, ಅವನಿಗೆ ಅನುಮಾನವಿಲ್ಲ. ನಂಬುವ ಮನುಷ್ಯ ಹಾಗಲ್ಲ; ತಾನು ಸಾರುವ ಸುದ್ದಿಯ ಬಗ್ಗೆ ಅವನ ಒಳಗೇ ಅನುಮಾನ ಕುದಿಯುತ್ತಿರುತ್ತದೆ. ಭಕ್ತಿಯಲ್ಲೇ ಹುಟ್ಟಿ, ಭಕ್ತಿಯಲ್ಲೇ ಬೆಳೆದು, 1897ರಲ್ಲಿ ಇಪ್ಪತ್ನಾಲ್ಕನೆಯ ವಯಸ್ಸಿಗೆ ತೀರಿಕೊಂಡ ಲಿಸಿಯೂವಿನ ಸಂತ ತೆರೇಸಾಳಿಗೂ ಕೊನೆಯ ತಿಂಗಳುಗಳಲ್ಲಿ ಕಾಲ ಕೆಳಗಿನ ನೆಲ ಬಿರಿದಿತ್ತು ಎಂಬುದನ್ನು ಅವರು ಮುಚ್ಚಿಡದೆ ನೆನೆಯುತ್ತಾರೆ.

ಹಾಗೆಂದು ನಂಬದವನು ಹಾಯಾಗಿದ್ದಾನೆಯೇ? ಇಲ್ಲಿ ರಾಟ್ಸಿಂಗರ್ ಯಹೂದಿ ಚಿಂತಕ ಮಾರ್ಟಿನ್ ಬೂಬರ್ ಬರೆದಿಟ್ಟ ಪ್ರಸಂಗವೊಂದನ್ನು ತರುತ್ತಾರೆ. ದೇವರಿಲ್ಲವೆಂದು ವಾದಿಸಿ ಗೆಲ್ಲಲೇಬೇಕೆಂದು ಪಂಡಿತನೊಬ್ಬ ಬೆರ್ದಿಚೆವ್ ಊರಿನ ಗುರುವಿನ ಮನೆಗೆ ಬರುತ್ತಾನೆ. ಗುರು ಕೈಯಲ್ಲಿ ಪುಸ್ತಕ ಹಿಡಿದು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಾನೆ, ಬಂದವನ ಕಡೆ ಗಮನವೇ ಇಲ್ಲ. ಥಟ್ಟನೆ ನಿಂತು, ಅವನನ್ನೊಮ್ಮೆ ನೋಡಿ, ಅದು ನಿಜ ಇದ್ದರೂ ಇರಬಹುದು ಅನ್ನುತ್ತಾನೆ. ಪಂಡಿತನ ಮೊಣಕಾಲು ನಡುಗುತ್ತದೆ. ದೇವರನ್ನು ಮೇಜಿನ ಮೇಲೆ ಇಟ್ಟು ತೋರಿಸುವುದು ತನ್ನಿಂದಲೂ ಆಗದು ಎಂದು ಒಪ್ಪಿಕೊಂಡ ಗುರು ಆ ‘ಇರಬಹುದು’ವನ್ನು ಮಾತ್ರ ಅವನ ಕೈಗೆ ಕೊಟ್ಟು ಕಳಿಸುತ್ತಾನೆ. ನಂಬುವವನಿಗೆ ಅನುಮಾನದಿಂದ ಬಿಡುಗಡೆಯಿಲ್ಲ, ನಂಬದವನಿಗೆ ಈ ‘ಇರಬಹುದು’ವಿನಿಂದ ಬಿಡುಗಡೆಯಿಲ್ಲ. ಇಬ್ಬರೂ ಕುಳಿತು ಮಾತಾಡಬಹುದಾದ ಜಗಲಿ ಇದೇ ಎಂದು ರಾಟ್ಸಿಂಗರ್ ಬರೆದರು. ಇಷ್ಟು ಪ್ರಾಮಾಣಿಕವಾಗಿ ಆರಂಭವಾಗುವ ಧರ್ಮಗ್ರಂಥಗಳನ್ನು ನಾನು ಹೆಚ್ಚು ಕಂಡಿಲ್ಲ.

ಇದನ್ನು ಬರೆದವರೇ 1981ರಿಂದ ಸುಮಾರು ಇಪ್ಪತ್ಮೂರು ವರ್ಷ ವ್ಯಾಟಿಕನ್ನಿನಲ್ಲಿ ಸಿದ್ಧಾಂತದ ಕಾವಲುಗಾರರಾಗಿದ್ದರು. ಬಡವರ ವಿಮೋಚನೆಯ ದೇವಶಾಸ್ತ್ರ ಬರೆದ ಬ್ರೆಜಿಲಿನ ಲಿಯೊನಾರ್ಡೊ ಬೋಫ್ ಅವರಿಗೆ 1985ರಲ್ಲಿ ಬಾಯಿ ಕಟ್ಟಿಕೊಂಡಿರುವ ಶಿಕ್ಷೆ ವಿಧಿಸಿದ್ದು ಅವರ ಇಲಾಖೆಯೇ. ಪತ್ರಿಕೆಗಳು ಅವರಿಗೆ ದೇವರ ಕಾವಲುನಾಯಿ ಎಂದು ಹೆಸರಿಟ್ಟವು. ಅನುಮಾನಕ್ಕೆ ಜಾಗ ಕೊಟ್ಟ ಲೇಖಕ, ಭಿನ್ನಮತಕ್ಕೆ ಜಾಗ ಕೊಡದ ಅಧಿಕಾರಿ: ಇವರಿಬ್ಬರನ್ನು ಹೊಂದಿಸಿ ನೋಡುವುದು ನನಗೆ ಇಂದಿಗೂ ಕಷ್ಟ.

ಪೋಪ್ ಆದ ಮೇಲೆ ಲೇಖಕ ಮತ್ತೆ ಮುಂದೆ ಬಂದರು. ಪೋಪ್ ಇಡೀ ಧರ್ಮಸಭೆಗೆ ಬರೆಯುವ ಸುತ್ತೋಲೆಗಳಲ್ಲಿ ಅವರ ಮೊದಲನೆಯದು 2005ರ ಕ್ರಿಸ್‌ಮಸ್ ದಿನದ್ದು. ದೇವರು ಪ್ರೀತಿಯೇ ಆಗಿದ್ದಾನೆ ಎಂಬುದು ಅದರ ವಿಷಯ. ಕ್ರೈಸ್ತನಾಗುವುದೆಂದರೆ ಒಂದು ನೀತಿಸಂಹಿತೆಗೆ ಸಹಿ ಹಾಕುವುದಲ್ಲ, ದೊಡ್ಡ ವಿಚಾರವೊಂದನ್ನು ಒಪ್ಪುವುದೂ ಅಲ್ಲ. ಒಬ್ಬ ವ್ಯಕ್ತಿಯನ್ನು ಎದುರುಗೊಳ್ಳುವುದು. ಸುತ್ತೋಲೆ ಶುರುವಾಗುವುದೇ ಈ ಮಾತಿನಿಂದ.

ಎದುರುಗೊಳ್ಳುವುದು ಅಂದರೇನು? ಉತ್ತರ 2007ರ ಎರಡನೆಯ ಸುತ್ತೋಲೆಯಲ್ಲಿದೆ. ಭರವಸೆಯ ಕುರಿತಾದ ಆ ಬರಹದ ಆರಂಭದಲ್ಲೇ ಅವರು ಒಬ್ಬ ಗುಲಾಮ ಹೆಣ್ಣಿನ ಕಥೆ ಹೇಳುತ್ತಾರೆ. ಜೋಸೆಫೀನ್ ಬಖೀತಾ ಹುಟ್ಟಿದ್ದು 1869ರ ಸುಮಾರಿಗೆ, ಸುಡಾನಿನ ಡಾರ್ಫರ್‌ನಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ಅವಳನ್ನು ಹೊತ್ತೊಯ್ದ ಗುಲಾಮರ ವ್ಯಾಪಾರಿಗಳು ಸಂತೆಯಿಂದ ಸಂತೆಗೆ ಐದು ಬಾರಿ ಮಾರಿದರು. ಹೆತ್ತವರು ಇಟ್ಟ ಹೆಸರೇ ಅವಳಿಗೆ ಮರೆತುಹೋಯಿತು. ಬಖೀತಾ, ಅಂದರೆ ಅದೃಷ್ಟವಂತೆ, ಎಂಬುದು ಆ ವ್ಯಾಪಾರಿಗಳು ಕೊಟ್ಟ ಹೆಸರು. ಮೈಮೇಲೆ 144 ಗಾಯದ ಗುರುತುಗಳು ಸಾಯುವವರೆಗೂ ಉಳಿದವು. 1882ರಲ್ಲಿ ಇಟಲಿಯ ಕಾನ್ಸಲ್ ಒಬ್ಬರ ಪಾಲಿಗೆ ಬಂದು, ಅಲ್ಲಿಂದ ವೆನಿಸ್ ಸೀಮೆ ಸೇರಿದಳು. ಅಲ್ಲಿನ ಆಡುಮಾತಿನಲ್ಲಿ ಯಜಮಾನನಿಗೆ ‘ಪರೋನ್’ ಅನ್ನುತ್ತಾರೆ. ಜೀತ ಕಂಡ ನಮ್ಮ ನಾಡಿನಲ್ಲಿ ಅದಕ್ಕೆ ಸರಿಯಾದ ಮಾತು ‘ಧಣಿ’. ಹೊಡೆಯುವ ಧಣಿಗಳನ್ನೇ ಕಂಡಿದ್ದ ಬಖೀತಾಳ ಕಿವಿಗೆ, ಧಣಿಗಳಿಗೆಲ್ಲ ಮೇಲೊಬ್ಬ ಧಣಿಯಿದ್ದಾನೆ, ಅವನೇ ಚಾಟಿ ಏಟು ತಿಂದವನು, ನಿನ್ನನ್ನು ಬಲ್ಲವನು, ನಿನಗಾಗಿ ಕಾಯುತ್ತಿರುವವನು ಎಂಬ ಸುದ್ದಿ ಬಿತ್ತು. ಮುಂದೆ ಸುಡಾನಿಗೆ ಹಿಂತಿರುಗಿಸಲು ಬಂದಾಗ ಅವಳು ಒಲ್ಲೆನೆಂದಳು. ಆ ಧಣಿಯಿಂದ ಅಗಲಲು ಅವಳಿಗೆ ಮನಸ್ಸಿರಲಿಲ್ಲ. 1890ರಲ್ಲಿ ದೀಕ್ಷಾಸ್ನಾನ ಪಡೆದು, ಆಮೇಲೆ ಕನೋಸಾ ಭಗಿನಿಯರ ಮಠ ಸೇರಿ, ಬಾಗಿಲು ಕಾಯುವ ಕೆಲಸದಲ್ಲೂ ಇದ್ದು, 1947ರಲ್ಲಿ ತೀರಿಕೊಂಡಳು.

ಇಷ್ಟೆಲ್ಲ ಗ್ರೀಕ್, ಜರ್ಮನ್ ತತ್ವಶಾಸ್ತ್ರ ಬಲ್ಲವರು ಭರವಸೆಯ ಅರ್ಥ ಹೇಳಲು ಆರಿಸಿಕೊಂಡದ್ದು ಅಕ್ಷರ ಕಲಿಯದೆ ಬೆಳೆದ ಈ ಹೆಣ್ಣನ್ನು. ಅವಳ ಸಮಾಜ ಬದಲಾಗುವ ಮೊದಲೇ ಅವಳು ಒಳಗಿಂದ ಬಿಡುಗಡೆಯಾಗಿದ್ದಳು ಎಂಬುದೇ ಅವರಿಗೆ ಮುಖ್ಯ.

ಮೊದಲ ಸುತ್ತೋಲೆಯ ಇನ್ನೊಂದು ಮಾತು ನಮಗೆ ತೀರ ಹತ್ತಿರದ್ದು. ಸೇವೆಯನ್ನು ಮತಾಂತರದ ಸಾಧನ ಮಾಡಿಕೊಳ್ಳಕೂಡದು, ಸೇವೆ ಮಾಡುವವರು ತಮ್ಮ ನಂಬಿಕೆಯನ್ನು ಯಾರ ಮೇಲೂ ಹೇರಕೂಡದು ಎಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ದೇವರ ಹೆಸರು ಎತ್ತಬೇಕಾದ ಹೊತ್ತು ಯಾವುದು, ಸುಮ್ಮನಿದ್ದು ಪ್ರೀತಿಯೊಂದನ್ನೇ ಮಾತಾಡಲು ಬಿಡಬೇಕಾದ ಹೊತ್ತು ಯಾವುದು ಎಂಬುದು ಕ್ರೈಸ್ತನಿಗೆ ಗೊತ್ತಿರಬೇಕಂತೆ. ಅಗಸ್ಟಸ್ ಮುಲ್ಲರ್ ಎಂಬ ಜೆಸ್ವಿಟ್ ಪಾದ್ರಿ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧ ಕೊಡಲು ಶುರುಮಾಡಿದ ಜಾಗ ಇಂದು ದೊಡ್ಡ ಆಸ್ಪತ್ರೆ. ಇಂಥ ಸಂಸ್ಥೆಗಳ ಬಗ್ಗೆ ನಮ್ಮಲ್ಲಿ ಮತಾಂತರದ ಜಗಳ ಎದ್ದಾಗಲೆಲ್ಲ ಎರಡೂ ಕಡೆಯವರು ಆ ಪುಟವನ್ನು ಓದಬಾರದೇ ಅನ್ನಿಸುತ್ತದೆ.

ಅವರು ಎಡವಲಿಲ್ಲವೆಂದಲ್ಲ. 2006ರಲ್ಲಿ ರೇಗನ್ಸ್‌ಬರ್ಗ್‌ನಲ್ಲಿ, ಅಳೆಯಲು ಬರುವುದಷ್ಟೇ ಸತ್ಯ ಎಂದು ಬುದ್ಧಿಯನ್ನು ಕಿರಿದು ಮಾಡಿಕೊಳ್ಳಬೇಡಿ ಎಂದು ಯೂರೋಪಿಗೆ ಹೇಳಹೊರಟವರು, ಇಸ್ಲಾಂ ಬಗ್ಗೆ ಮಧ್ಯಯುಗದ ದೊರೆಯೊಬ್ಬ ಆಡಿದ ಕಟುಮಾತನ್ನು ನಡುವೆ ತಂದು ಇಡೀ ಭಾಷಣವನ್ನೇ ಕೆಡಿಸಿಕೊಂಡರು. ಮಕ್ಕಳ ಮೇಲೆ ಪಾದ್ರಿಗಳು ಎಸಗಿದ ಲೈಂಗಿಕ ದೌರ್ಜನ್ಯದ ವಿಷಯ ಅದಕ್ಕಿಂತ ಗಂಭೀರ. ಮ್ಯೂನಿಕ್‌ನಲ್ಲಿ ಅವರು ಮಹಾಧರ್ಮಾಧ್ಯಕ್ಷರಾಗಿದ್ದಾಗಿನ ನಾಲ್ಕು ಪ್ರಕರಣಗಳಲ್ಲಿ ಅವರ ನಡೆ ತಪ್ಪು ಎಂದು 2022ರ ತನಿಖಾ ವರದಿ ಹೇಳಿತು. ಅವರು ಆರೋಪವನ್ನು ಒಪ್ಪಲಿಲ್ಲ. ಆದರೆ ಸಂತ್ರಸ್ತರ ಕ್ಷಮೆ ಕೇಳಿ ಪತ್ರ ಬರೆದರು. ನೊಂದವರ ಪಾಲಿಗೆ ಅದು ಸಾಲದು. ಅವರ ಬೋಧನೆಯನ್ನು ಮೆಚ್ಚುವ ನನಗೂ ಸಾಲದು.

2011ರ ಅಕ್ಟೋಬರ್ 27. ಇಟಲಿಯ ಅಸಿಸಿಯಲ್ಲಿ ಸರ್ವಧರ್ಮಗಳ ಸಭೆ. ಅಲ್ಲಿಗೆ ಬೆನೆಡಿಕ್ಟ್ ಈ ಬಾರಿ ಹೊಸಬರನ್ನೂ ಕರೆದಿದ್ದರು: ದೇವರನ್ನು ನಂಬದಿದ್ದರೂ ಸತ್ಯವನ್ನು ಹುಡುಕುತ್ತಿರುವವರನ್ನು. ಚಿಂತಕಿ ಜೂಲಿಯಾ ಕ್ರಿಸ್ತೇವಾ ಅವರಲ್ಲೊಬ್ಬರು. ಅವರೆದುರು ಪೋಪ್ ಹೇಳಿದ್ದರ ಸಾರ ಇಷ್ಟು: ದೇವರು ಇಲ್ಲವೇ ಇಲ್ಲ ಎನ್ನುವವರ ಪೊಳ್ಳು ಖಾತ್ರಿಯನ್ನು ಈ ಹುಡುಕಾಟದವರು ಕಿತ್ತುಕೊಳ್ಳುತ್ತಾರೆ, ದೇವರು ತಮ್ಮ ಸ್ವಂತ ಆಸ್ತಿ ಎಂಬಂತೆ ನಡೆದುಕೊಳ್ಳುವ ಭಕ್ತರನ್ನೂ ತಡೆದು ನಿಲ್ಲಿಸುತ್ತಾರೆ. ಇವರಿಗೆ ದೇವರು ಕಾಣದಿರುವುದರಲ್ಲಿ ಭಕ್ತರ ತಪ್ಪೂ ಇದೆ. ನಾಲ್ಕು ದಶಕದ ಹಿಂದಿನ ಆ ಜಗಲಿಯ ಮೇಲೆ ಅವರು ಕೊನೆಗೂ ಎಲ್ಲರನ್ನೂ ಕೂರಿಸಿದ್ದರು. ನಂಬುವವರನ್ನೂ ನಂಬದವರನ್ನೂ ಅಂದು ಒಂದೇ ಹೆಸರಿನಿಂದ ಕರೆಯಲಾಯಿತು: ಯಾತ್ರಿಕರು.

ಅದೇ ಮಾತನ್ನು ಅವರು ತಮಗೂ ಹೇಳಿಕೊಂಡರು. 2013ರ ಫೆಬ್ರುವರಿ 28ರ ಸಂಜೆ, ಪಟ್ಟ ತೊರೆದ ದಿನ, ಕಾಸ್ಟೆಲ್ ಗಾಂಡೊಲ್ಫೊ ಅರಮನೆಯ ಮೊಗಸಾಲೆಯಲ್ಲಿ ನಿಂತು, ಇನ್ನು ತಾನು ಕೊನೆಯ ಹಾದಿ ಹಿಡಿದ ಒಬ್ಬ ಯಾತ್ರಿಕನಷ್ಟೇ ಎಂದು ಕೆಳಗಿದ್ದ ಜನರಿಗೆ ತಿಳಿಸಿ ಒಳಗೆ ಹೋದರು. ರಾತ್ರಿ ಎಂಟಕ್ಕೆ ಸ್ವಿಸ್ ಕಾವಲುಪಡೆಯವರು ಹೆಬ್ಬಾಗಿಲು ಮುಚ್ಚಿದರು. ಕಾಯಲು ಒಳಗೆ ಪೋಪ್ ಇರಲಿಲ್ಲವಾದ್ದರಿಂದ ಅವರು ಹೊರಟುಹೋದರು.