ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ನಿಂತವರು

ಡಯಾಲಿಸಿಸ್ ಘಟಕಕ್ಕೆ ಬಂದ ರೋಗಿ ಮೊದಲು ಹತ್ತುವುದು ತೂಕದ ಯಂತ್ರವನ್ನು. ಕಳೆದ ಸಲ ಮನೆಗೆ ಹೋದಾಗಿನಿಂದ ಏರಿದ ತೂಕದಲ್ಲಿ ಬಹುಪಾಲು ಮೈಯಲ್ಲಿ ನಿಂತ ನೀರು. ಆಮೇಲೆ ತಂತ್ರಜ್ಞೆ ಅವನ ಮುಂಗೈ ಮೇಲೆ ಬೆರಳಿಡುತ್ತಾಳೆ. ಅಪಧಮನಿ, ಅಭಿಧಮನಿಗಳನ್ನು ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ಫಿಸ್ಟುಲಾ ಇರುವುದು ಅಲ್ಲಿ. ಚರ್ಮದಡಿ ಜುಮುಜುಮು ಕಂಪನ ಬೆರಳಿಗೆ ತಾಕಿದರೆ ರಕ್ತ ಹರಿಯುತ್ತಿದೆ ಎಂದರ್ಥ. ತಾಕದಿದ್ದರೆ ಸೂಜಿ ಚುಚ್ಚುವಂತಿಲ್ಲ, ವೈದ್ಯರನ್ನು ಕರೆಯಬೇಕು.

ಮುಂದಿನ ನಾಲ್ಕು ಗಂಟೆ ರೋಗಿಯ ರಕ್ತ ಯಂತ್ರದ ಮೂಲಕ ಹಾದು ಮತ್ತೆ ಮೈಸೇರುತ್ತಿರುತ್ತದೆ. ಇಷ್ಟಕ್ಕೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಅದರಲ್ಲಿ ಕ್ಲೋರಮೈನ್ ಉಳಿದುಬಿಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ರಕ್ತದೊತ್ತಡ ಕುಸಿಯಲಿ, ಕಾಲು ಸೆಟೆದುಕೊಳ್ಳಲಿ, ಮೊದಲು ಗಮನಿಸಬೇಕಾದವಳು ಪಕ್ಕದಲ್ಲೇ ನಿಂತ ಈ ತಂತ್ರಜ್ಞೆ.

ಈ ಕೆಲಸಕ್ಕೆ ಪದವಿ ಇದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಇಂಥ ಹಲವು ಬಿಎಸ್ಸಿ ಕೋರ್ಸ್‌ಗಳನ್ನು ಸೇರಬಹುದು: ಡಯಾಲಿಸಿಸ್, ಪ್ರಯೋಗಾಲಯ, ಇಮೇಜಿಂಗ್, ಅರಿವಳಿಕೆ ತಂತ್ರಜ್ಞಾನ, ಆಪ್ಟೊಮೆಟ್ರಿ. ಪರ್ಫ್ಯೂಷನ್ ಓದಿದವರು ಹೃದಯ ನಿಲ್ಲಿಸಿ ನಡೆಸುವ ಶಸ್ತ್ರಚಿಕಿತ್ಸೆಯಲ್ಲಿ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಯಂತ್ರವನ್ನು ನಡೆಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಲಿತವರು ಕಿವಿ ಕೇಳದ ಮಗುವಿಗೂ ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಅಜ್ಜನಿಗೂ ಚಿಕಿತ್ಸೆ ನೀಡುತ್ತಾರೆ.

ಆದರೂ ಎಷ್ಟೋ ಮನೆಗಳಲ್ಲಿ ಇದು 'ಮೆಡಿಕಲ್ ಸೀಟು ಸಿಗದವರ ಓದು'. ಆ ಮಾತು ಸರಿಯಲ್ಲ. ಔಷಧ ಬರೆಯುವ ವಿದ್ಯೆ ಬೇರೆ, ಯಂತ್ರವನ್ನೂ ರೋಗಿಯನ್ನೂ ಒಟ್ಟಿಗೆ ನೋಡಿಕೊಳ್ಳುವ ವಿದ್ಯೆ ಬೇರೆ. ಎರಡನೆಯದು ಪುಸ್ತಕದಿಂದಷ್ಟೇ ಬರುವುದಿಲ್ಲ. ಅದಕ್ಕೇ ವಾರ್ಡಿನಲ್ಲಿ ಕಳೆಯುವ ಇಂಟರ್ನ್‌ಶಿಪ್ ಈ ಓದಿನ ಜೀವಾಳ.

ವೈದ್ಯರಿಗೆ, ದಾದಿಯರಿಗೆ ಮೊದಲಿಂದಲೂ ಇದ್ದ ರಾಷ್ಟ್ರಮಟ್ಟದ ಮಂಡಳಿಯಂಥದ್ದು ಈ ತಂತ್ರಜ್ಞರು, ಚಿಕಿತ್ಸಕರಲ್ಲಿ ಬಹುತೇಕರಿಗೆ ಬಹುಕಾಲ ಇರಲಿಲ್ಲ. ಹೀಗಾಗಿ ಕೆಲವು ತಿಂಗಳ ಸರ್ಟಿಫಿಕೇಟೂ ಪೂರ್ತಿ ಪದವಿಯೂ ಒಂದೇ ಸಾಲಿನಲ್ಲಿ ನಿಂತವು. ಸಂಸತ್ತು 2021ರಲ್ಲಿ ಪ್ರತ್ಯೇಕ ಕಾಯ್ದೆ ತಂದು ರಾಷ್ಟ್ರೀಯ ಆಯೋಗಕ್ಕೆ ದಾರಿ ಮಾಡಿತು. ಅದರ ಪ್ರಕಾರ ತಂತ್ರಜ್ಞರ ಶಿಕ್ಷಣ 2,000 ಗಂಟೆಗೆ ಕಡಿಮೆ ಇರಬಾರದು. ಚಿಕಿತ್ಸಕರಂಥ ಆರೋಗ್ಯ ವೃತ್ತಿಪರರ ಪದವಿಗೆ 3,600 ಗಂಟೆ ಬೇಕು.

ಸೇರುವ ಮುನ್ನ ಪೋಷಕರು ಕಾಲೇಜಿನ ಕಟ್ಟಡ ನೋಡಿದರೆ ಸಾಲದು. ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ, ಜೊತೆಗೆ ಯಾವ ಆಸ್ಪತ್ರೆಯಿದೆ, ಅಲ್ಲಿ ದಿನಕ್ಕೆ ಎಷ್ಟು ರೋಗಿಗಳು ಬರುತ್ತಾರೆ, ಇಂಟರ್ನ್‌ಶಿಪ್ ಎಲ್ಲಿ ಎಂದು ಕೇಳಿ. ಸಾಧ್ಯವಾದರೆ ಅಲ್ಲೇ ಓದುತ್ತಿರುವ ಕೊನೆಯ ವರ್ಷದ ವಿದ್ಯಾರ್ಥಿಯನ್ನು ಮಾತಾಡಿಸಿ, ಆಮೇಲೆ ಶುಲ್ಕ ಕಟ್ಟಿ.