ವೈಕುಂಠದ ಹಂಬಲ, ಆಯುಷ್ಯದ ಬೇಡಿಕೆ

ಚೀಕಲಪರ್ವಿ ಮಾನ್ವಿ ತಾಲ್ಲೂಕಿನ ಊರು, ತುಂಗಭದ್ರೆಯ ದಡದಲ್ಲಿದೆ. 1682ರಲ್ಲಿ ಅಲ್ಲಿ ಹುಟ್ಟಿದ ದಾಸಪ್ಪ ಎಂಬ ಬಡವರ ಮನೆಯ ಹುಡುಗ ಮುಂದೆ ವಿಜಯದಾಸರೆಂದು ಹೆಸರಾದರು. ಅವರ ಶಿಷ್ಯರಾದ ಗೋಪಾಲದಾಸರದು ದೇವದುರ್ಗ ತಾಲ್ಲೂಕಿನ ಮೊಸರಕಲ್ಲು. ಗೋಪಾಲದಾಸರಿಂದ ದಾರಿ ಕಂಡುಕೊಂಡ ಜಗನ್ನಾಥದಾಸರು ಮಾನ್ವಿ ತಾಲ್ಲೂಕಿನ ಬ್ಯಾಗವಾಟದವರು. ಕನ್ನಡದಲ್ಲಿ ವೈಕುಂಠವನ್ನು ಹಂಬಲಿಸುವ ಹಾಡುಗಳ ದೊಡ್ಡ ಪಾಲು ಇಷ್ಟು ಸಣ್ಣ ಪ್ರದೇಶದಲ್ಲಿ, ಒಂದು ಶತಮಾನ ಚಿಲ್ಲರೆ ವರ್ಷಗಳಲ್ಲಿ ಬಂದಿದೆ.

ಆ ಕಾಲದ ರಾಯಚೂರು ಸೀಮೆ ನೆಮ್ಮದಿಯ ನೆಲವಾಗಿರಲಿಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ ಆದಿಲ್‌ಶಾಹಿಗಳೂ ತಲೆಮಾರುಗಟ್ಟಲೆ ಕಾದಾಡಿದ್ದರು. ರಾಯಚೂರು ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯ ಮಾಡಿದ ಯುದ್ಧ ಎಲ್ಲರಿಗೂ ಗೊತ್ತು. ಔರಂಗಜೇಬನ ಸೈನ್ಯ ದಖ್ಖನಿಗೆ ಇಳಿದ ಕಾಲದಲ್ಲೇ ವಿಜಯದಾಸರು ಬೆಳೆದರು. ಅವರು ನಡುವಯಸ್ಸು ದಾಟುವ ಹೊತ್ತಿಗೆ ನಾಡು ನಿಜಾಮರ ಕೈ ಸೇರಿತ್ತು. ಇದರ ಮೇಲೆ ಮಳೆ ಕೈಕೊಡುವ ಸೀಮೆ ಬೇರೆ. ಗೋಪಾಲದಾಸರು ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು, ದಾಯಾದಿಗಳು ಆಸ್ತಿ ಕಿತ್ತುಕೊಂಡರು, ತಾಯಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು ಎಂದು ಸಂಪ್ರದಾಯ ಹೇಳುತ್ತದೆ.

ಇಂಥ ಕಷ್ಟ ಕಂಡವರು ‘ಈ ಲೋಕ ಸಾಕು’ ಎಂದು ಹಾಡಿದ್ದರೆ ಆಶ್ಚರ್ಯವಿಲ್ಲ. ಆದರೆ ದಾಸರ ಹಂಬಲವನ್ನು ಅಷ್ಟಕ್ಕೇ ಇಳಿಸಿಬಿಟ್ಟರೆ ಅವರಿಗೆ ಅನ್ಯಾಯವಾಗುತ್ತದೆ. ದಾಸರು ನಂಬಿದ ಮಧ್ವಮತದಲ್ಲಿ ಮುಕ್ತನಾದ ಜೀವ ದೇವರಲ್ಲಿ ಕರಗಿಹೋಗುವುದಿಲ್ಲ. ಅದು ಬೇರೆಯಾಗಿಯೇ ಉಳಿದು, ತನ್ನ ಯೋಗ್ಯತೆಗೆ ತಕ್ಕ ಆನಂದ ಉಣ್ಣುತ್ತಾ ಹರಿಯ ಗುಣಗಾನ ಮಾಡುತ್ತದೆ. ಅಂದರೆ ವೈಕುಂಠದಲ್ಲೂ ಹಾಡುಗಾರ ಇದ್ದಾನೆ, ಹಾಡೂ ಇದೆ. ಮೊಸರಕಲ್ಲಿನ ಜಗಲಿಯ ಮೇಲೆ ಹಾಡುವವನು ಅಲ್ಲಿಯ ಕೆಲಸವನ್ನು ಇಲ್ಲಿಂದಲೇ ಶುರುಮಾಡಿದ ಹಾಗಾಯಿತು. ದಾಸರ ಪದಗಳಲ್ಲಿ ದುಃಖದ ಜೊತೆಗೇ ಇಷ್ಟೊಂದು ಉಲ್ಲಾಸ ಇರುವುದಕ್ಕೆ ಕಾರಣ ಇದೇ ಎಂದು ನನಗೆ ಅನ್ನಿಸುತ್ತದೆ.

ಇದೇ ಬಗೆಯ ಹಾಡು ದೂರದ ಜರ್ಮನಿಯಲ್ಲೂ ಹುಟ್ಟಿದೆ. ಕೋಬರ್ಗ್ ಊರಿನ ಶಾಲೆಯ ಮುಖ್ಯಸ್ಥ ಯೋಹಾನ್ ಮಥೇಯುಸ್ ಮೈಫಾರ್ಟ್ 1626ರಲ್ಲಿ ಸಾವು, ಅಂತಿಮ ತೀರ್ಪು, ನಿತ್ಯಜೀವ, ನರಕ ಇವುಗಳ ಮೇಲಿನ ತನ್ನ ಪ್ರವಚನಗಳನ್ನು ಅಚ್ಚು ಹಾಕಿಸಿದ. ನಿತ್ಯಜೀವದ ಪ್ರವಚನದ ಕೊನೆಗೆ ಬಂದದ್ದು ಸ್ವರ್ಗದ ಯೆರೂಸಲೇಮನ್ನು ಹಂಬಲಿಸುವ ಒಂದು ಗೀತೆ. ಆಗ ಮೂವತ್ತು ವರ್ಷಗಳ ಯುದ್ಧ ಜರ್ಮನಿಯನ್ನು ಸುಡುತ್ತಿತ್ತು. ಅದು ಮುಗಿದದ್ದು 1648ರಲ್ಲಿ, ಮೈಫಾರ್ಟ್ ತೀರಿಹೋಗಿ ಆರು ವರ್ಷಗಳಾದ ಮೇಲೆ. ಅವನ ಸ್ವರ್ಗದಲ್ಲೂ ಗಾಯಕರ ದೊಡ್ಡ ಮೇಳವಿದೆ. ಹಾಗಂತ ಅವನು ಕಣ್ಣನ್ನು ಆಕಾಶಕ್ಕೆ ನೆಟ್ಟು ಕೂತವನಲ್ಲ. ಮಾಟಗಾತಿಯರೆಂದು ಹಿಡಿದು ತಂದವರಿಗೆ ಕೊಡುತ್ತಿದ್ದ ಚಿತ್ರಹಿಂಸೆಯ ವಿರುದ್ಧ ಪುಸ್ತಕ ಬರೆದ, ಆ ಕಾಲಕ್ಕೆ ಅದು ಅಪಾಯದ ಮಾತಾಗಿತ್ತು.

ಸ್ವರ್ಗ ಬೇಕೆನ್ನುವವರು ಬದುಕಿಗೆ ಬೆನ್ನು ಹಾಕಿರುತ್ತಾರೆ ಎಂಬ ಮಾತನ್ನು ಮಾನ್ವಿಯ ಕಥೆಯೂ ಒಪ್ಪುವುದಿಲ್ಲ. 1728ರಲ್ಲಿ ಹುಟ್ಟಿದ ಜಗನ್ನಾಥದಾಸರ ಮೊದಲ ಹೆಸರು ಶ್ರೀನಿವಾಸಾಚಾರ್ಯ, ಸಂಸ್ಕೃತದ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡುವ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ಹೋಗಲಿಲ್ಲವಂತೆ. ಆಮೇಲೆ ನಿಜವಾಗಿಯೂ ಹೊಟ್ಟೆನೋವು ಹಿಡಿಯಿತು, ಯಾವ ಮದ್ದಿಗೂ ಬಗ್ಗಲಿಲ್ಲ. ಕೊನೆಗೆ ವಿಜಯದಾಸರು ಅವರನ್ನು ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಬೇಡಿ ಒಂದು ಪದ ಕಟ್ಟಿದರು, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ತೆಗೆದು ಆಚಾರ್ಯರಿಗೆ ಕೊಟ್ಟರು. ಇದು ಭಕ್ತರು ನಂಬಿಕೊಂಡು ಬಂದ ಕಥೆ. ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಜಗನ್ನಾಥದಾಸರು 1809ರವರೆಗೆ ಬಾಳಿದರು.

ವೈಕುಂಠಕ್ಕಾಗಿ ಹಾಡಿದ ಮನುಷ್ಯನೇ ಇನ್ನೊಬ್ಬನಿಗಾಗಿ ಭೂಮಿಯ ಮೇಲಿನ ದಿನಗಳನ್ನು ಬೇಡಿದ. ಈ ಪರಂಪರೆಯಲ್ಲಿ ಇದಕ್ಕಿಂತ ದೊಡ್ಡ ಪ್ರಸಂಗ ನನಗೆ ಕಾಣುವುದಿಲ್ಲ. ಹಾಗೆ ಉಳಿದ ಆಯುಷ್ಯದಲ್ಲಿ ಬಂದದ್ದು ‘ಹರಿಕಥಾಮೃತಸಾರ’: ಭಾಮಿನಿ ಷಟ್ಪದಿಯಲ್ಲಿ ಸುಮಾರು ಸಾವಿರ ಪದ್ಯ, ಸಂಸ್ಕೃತದಲ್ಲಿದ್ದ ತತ್ವವೆಲ್ಲ ಕನ್ನಡದಲ್ಲಿ.

ಜಗನ್ನಾಥದಾಸರ ಈ ಕೃತಿ ಷಟ್ಪದಿಯಲ್ಲಿದ್ದರೆ, ವಿಜಯದಾಸರು ಹೆಚ್ಚು ಪ್ರೀತಿಸಿದ ರೂಪ ಸುಳಾದಿ. ಅದರ ಕಟ್ಟಡವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಧ್ರುವ, ಮಟ್ಟ, ತ್ರಿಪುಟ, ಅಟ್ಟ, ಆದಿ ಹೀಗೆ ಒಂದೊಂದು ನುಡಿಗೆ ಒಂದೊಂದು ತಾಳ. ತಾಳ ಬದಲಾದಂತೆ ಮಾತಿನ ಓಟವೂ ಬದಲಾಗುತ್ತದೆ, ಒಂದು ನುಡಿಯಲ್ಲಿ ಹಿಡಿದ ವಿಚಾರ ಮುಂದಿನದರಲ್ಲಿ ಬೇರೆ ನಡಿಗೆ ಹಿಡಿಯುತ್ತದೆ. ಕೊನೆಗೆ ಎರಡೇ ಸಾಲಿನ ‘ಜತೆ’, ಅದರಲ್ಲಿ ವಿಜಯವಿಠ್ಠಲ ಅಂಕಿತ. ಉದ್ದನೆಯ ವಾದ, ಅಳಲು, ಪ್ರಾರ್ಥನೆ ಎಲ್ಲವೂ ಅಲ್ಲಿ ಬಂದು ನಿಲ್ಲುತ್ತವೆ.

ದಾಸರ ಹಾಡಿನ ಲೋಕವೂ ಮೈಫಾರ್ಟನ ಗೀತೆಯ ಲೋಕವೂ ಒಮ್ಮೆ ಎದುರುಬದುರಾದವು. ಜರ್ಮನಿಯ ಬ್ರಾಕೆನ್‌ಹೈಮ್‌ನಲ್ಲಿ 1811ರಲ್ಲಿ ಹುಟ್ಟಿದ ಹೆರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಸ್ವರ್ಗದ ಗೀತೆ ಹುಟ್ಟಿದ ನಾಡಿನಿಂದ ಬಂದ ಅವರು 1850ರ ಸುಮಾರಿಗೆ ಮಂಗಳೂರಿನಲ್ಲಿ ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿದ್ದ ದಾಸರ ಹಾಡು ಹೀಗೆ ಮುದ್ರಣಕ್ಕೆ ಬಂತು. ಮುಂದೆ ಲಿಂಗಸುಗೂರಿನಲ್ಲಿ ಗೊರೇಬಾಳ ಹನುಮಂತರಾಯರು ರಾಯಚೂರು ಸೀಮೆಯ ದಾಸರ ಕೃತಿಗಳನ್ನು ಹುಡುಕಿ ಪ್ರಕಟಿಸಿದರು. ನಾವು ಇಂದು ಓದುತ್ತಿರುವ ಎಷ್ಟೋ ಪದಗಳು ಅವರ ಆ ದುಡಿಮೆಯ ಫಲ.

ಪದಗಳು ಉಳಿದವು, ಧಾಟಿಗಳ ಗತಿ ಹಾಗಲ್ಲ. ಮೈಫಾರ್ಟನ ಗೀತೆಗೆ ಇಂದು ಹಾಡುವ ರಾಗ 1663ರಲ್ಲೇ ಎರ್ಫರ್ಟ್‌ನಲ್ಲಿ ಅಚ್ಚಾಯಿತು. ಆದರೆ ದಾಸರು ಹಾಡಿದ ಮಟ್ಟುಗಳನ್ನು ಬರೆದಿಟ್ಟವರು ಬಹಳ ವಿರಳ. ಭಾದ್ರಪದ ಶುದ್ಧ ನವಮಿಗೆ ಜಗನ್ನಾಥದಾಸರ ಆರಾಧನೆ, ಕಾರ್ತಿಕ ಶುದ್ಧ ದಶಮಿಗೆ ವಿಜಯದಾಸರದು. ಆ ದಿನಗಳಲ್ಲಿ ರಾಯಚೂರಿನ, ದೇವದುರ್ಗದ, ಮಾನ್ವಿಯ ಭಜನಾ ಮಂಡಳಿಗಳಲ್ಲಿ ಹಾಡುವ ಹಿರಿಯ ಹೆಂಗಸರ ಕಂಠದಲ್ಲಿ ತಾಯಿ, ಅತ್ತೆಯರಿಂದ ಬಂದ ಧಾಟಿಗಳು ಇನ್ನೂ ಇವೆ. ಅವರ ಹಾಡನ್ನು ಊರಿನ ಹೆಸರು, ಕಲಿಸಿದವರ ಹೆಸರು ಸಮೇತ ಧ್ವನಿಮುದ್ರಿಸಿಡುವ ಕೆಲಸ ಈಗಲೇ ಆಗಬೇಕು.